ಮೂರನೆಯ ಮಡಿಕೆ

ಅಜ್ಜಂಪುರ
14–6–1987

ನನ್ನ ಮುದ್ದಿನ ವಕೀಲಮ್ಮ ವಿಮಲಾ,

ಮದುವೆಯಾಗಿ ಇವತ್ತಿಗೆ ಇಪ್ಪತ್ತಮೂರು ದಿನ! ಕಾನ್ವೆಂಟಿನಲ್ಲಿ ಕನ್ನಡದಲ್ಲಿ ಪಿಸುಗುಟ್ಟಿದರೂ ಸಿಸ್ಟರ್ ಮಂಡಿಯೂರಿಸುತ್ತಿದ್ದರಲ್ಲ, ಅದರ ಸೇಡಿಗೆ ಬದುಕಿರುವವರೆಗೂ ಒಬ್ಬರಿಗೊಬ್ಬರು ಕನ್ನಡದಲ್ಲೇ ಕಾಗದ ಬರೆಯೋಣ ಎಂದು ಆಣೆ ಇಟ್ಟಿದ್ದೆವು. ನೋಡು, ನಾನು ಮಾತು ತಪ್ಪಿಲ್ಲ. ನೀನು ಮಾತ್ರ ಹೋಳಿಗೆ ತಿಂದ ಕೈ ಒಣಗುವ ಮೊದಲೇ ಕಡೂರಿನ ಬಸ್ಸು ಹತ್ತಿದೆ. ನಾಳೆ ಕೇಸಿದೆಯಂತೆ! ಸೀನಿಯರ್ ಲಾಯರ ಹಿಂದೆ ಫೈಲು ಹೊರುವವಳಿಗೆ ಎಂಥ ಕೇಸೇ?

ಗಂಡನ ಹೆಸರು ಹೇಳಬಾರದು ಎಂದು ಅತ್ತೆ ಹೇಳಿದ್ದಾರೆ. ಬರೆಯಬಾರದು ಎಂದು ಹೇಳಿಲ್ಲ. ಬಸವರಾಜಪ್ಪ, ಬಸವರಾಜಪ್ಪ, ಬಸವರಾಜಪ್ಪ! ನಕ್ಕರೆ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತದೆ. ಎಷ್ಟು ಥ್ರಿಲ್ಲಿಂಗ್ ಗೊತ್ತಾ?

ನಮ್ಮದು ಮುಂದೆ ಔಷಧಿ ಅಂಗಡಿ, ಹಿಂದೆ ಮನೆ. ಲೈಸೆನ್ಸು ಇರುವುದು ಮಾವ ದೇವೀರಪ್ಪನವರ ಹೆಸರಿನಲ್ಲಿ. ಮಾತ್ರೆಗಳೇನೋ ಎಲ್ಲ ಕಡೆಯಂತೆ. ಆದರೆ ಇಲ್ಲಿನ ಹಳೆಯ ಡಾಕ್ಟರು ಕೆಂಚಪ್ಪನವರು ಇನ್ನೂ ಮಿಕ್ಸ್ಚರ್ ಬರೆಯುತ್ತಾರೆ. ಜನ ಮನೆಯಿಂದಲೇ ಸೀಸೆ ತರುತ್ತಾರೆ. ಮಾವ ಔಷಧಿ ಬೆರೆಸಿ ತುಂಬಿ, ಸೀಸೆಯ ಪಕ್ಕಕ್ಕೆ ಉದ್ದನೆಯ ಕಾಗದದ ಚೀಟಿ ಅಂಟಿಸುತ್ತಾರೆ. ಅವರ ಕಣ್ಣಿಗೆ ಪೊರೆ ಬಂದು ಕತ್ತರಿ ಜಾರುತ್ತದೆ. ಅದಕ್ಕೇ ನನಗೆ ಕಲಿಸಿಕೊಟ್ಟರು.

"ನೋಡಮ್ಮ, ಚೀಟಿ ತಗಂಡು ಮೂರ್ ಮಡಿಕೆ ಮಡ್ಸು. ಅಂಚಿಗೆ ಒಂದು ಕಚ್ಚು ಹಾಕು. ಬಿಚ್ಚಿದ್ರೆ ಎಂಟು ಗುರುತು ಬತ್ತದೆ. ಒಂದ್ ಹೊತ್ತಿಗೆ ಒಂದ್ ಗುರುತು ಕುಡೀಬೇಕು. ಓದು ಬಾರ್ದೋರ್ಗೂ ತಿಳೀತದೆ."

ವಿಮಲಾ, ನನಗೆ ಎಂಥ ಐಡಿಯಾ ಬಂತು ಗೊತ್ತಾ? ನಮ್ಮ ಮದುವೆಯ ಕರೆಯೋಲೆ ಒಂದು ಕಟ್ಟು ಉಳಿದಿತ್ತು. ಗುಲಾಬಿ ಬಣ್ಣ, ಬಂಗಾರದ ಅಕ್ಷರ. ಅತ್ತೆ ಒಲೆಗೆ ಹಾಕಲು ಹೊರಟಿದ್ದರು! ನಾನು ಕಸಿದುಕೊಂಡು, ಅಕ್ಷರದ ಮಗ್ಗುಲು ಒಳಗೆ ಬರುವಂತೆ ಒಂದೇ ಮಧ್ಯಾಹ್ನಕ್ಕೆ ನಲವತ್ತು ಚೀಟಿ ಕತ್ತರಿಸಿದೆ. ಕಾಗದ ಎಷ್ಟು ದಪ್ಪ ಎಂದರೆ ಮೂರನೆಯ ಮಡಿಕೆ ಬರಲೇ ಇಲ್ಲ. ಎರಡಕ್ಕೇ ನಿಲ್ಲಿಸಿದೆ. ದೊಡ್ಡ ದೊಡ್ಡ ಗುರುತು, ಕೊಬ್ಬರಿ ಮಿಠಾಯಿ ಕೊಯ್ದ ಹಾಗೆ, ಎಷ್ಟು ಮುದ್ದಾಗಿವೆ! ಯಾರು ಕೂತು ಎಣಿಸುತ್ತಾರೆ ಹೇಳು!

ನಿನ್ನ, ತಲೆ ತಿರುಗುವಷ್ಟು ಸಂತೋಷದಲ್ಲಿರುವ,
ಮಲ್ಲಿಕಾ


ಅಜ್ಜಂಪುರ
8–7–1987

ವಿಮಲಾ ವಿಮಲಾ,

ಇಲ್ಲಿ ನನಗೊಬ್ಬಳು ಗೆಳತಿ ಸಿಕ್ಕಿದ್ದಾಳೆ. ಹೊಟ್ಟೆಕಿಚ್ಚು ಪಡಬೇಡ, ಅವಳ ಮುಖವನ್ನೇ ನಾನು ನೋಡಿಲ್ಲ!

ಅಂಗಡಿಯಲ್ಲಿ ಟೆಲಿಫೋನ್ ಇದೆ. ನಂಬರು ಹದಿನೇಳು. ಎತ್ತಿದರೆ ಎಕ್ಸ್‌ಚೇಂಜಿನಿಂದ "ನಂಬರ್ ಪ್ಲೀಸ್" ಎನ್ನುವ ದನಿ, ಹೊಸ ಹಿತ್ತಾಳೆ ತಂಬಿಗೆಗೆ ಬೆರಳಲ್ಲಿ ತಟ್ಟಿದ ಹಾಗೆ. ಹೆಸರು ದ್ಯಾವಮ್ಮ. ಸ್ಟೇಷನ್ ರಸ್ತೆಯಲ್ಲಿ ಅಣ್ಣ ಉಗ್ರಪ್ಪನ ಮನೆಯಲ್ಲಿದ್ದಾರಂತೆ. ಅವರ ವಂಶದಲ್ಲೇ ಮೊದಲು ಆಫೀಸಿನ ಕುರ್ಚಿಯಲ್ಲಿ ಕೂತವರು. ಆರು ವರ್ಷವಾದರೂ ಕೆಲಸ ಇನ್ನೂ ಖಾಯಂ ಆಗಿಲ್ಲ. ಈ ವರ್ಷ ಆಗುತ್ತದಂತೆ. ಸಖರಾಯಪಟ್ಟಣಕ್ಕೆ ಅಮ್ಮನ ಜೊತೆ ಮಾತಾಡಲು ಲೈನು ಕೇಳಿದರೆ, "ಏನ್ ಹದಿನೇಳು, ಮದ್ವೆಯಾಗಿ ತಿಂಗ್ಳಿಗೇ ಅಮ್ಮ ಬೇಕಾ? ತಡೀರಿ, ಎಳ್ಕೊಂಡ್ ಬತ್ತೀನಿ ನಿಮ್ಮಮ್ಮನ್ನ" ಎನ್ನುತ್ತಾರೆ. ಲೈನು ಸಿಗುವವರೆಗೂ ನಮ್ಮಿಬ್ಬರ ಹರಟೆ.

ಪಾಪ, ಅವರಿಗೆ ಜ್ವರ. ಲಕ್ಕವಳ್ಳಿಗೆ ನೆಂಟರ ಮನೆಗೆ ಹೋಗಿ ಬಂದದ್ದೇ ಚಳಿಜ್ವರ ಹಿಡಿಯಿತು. ಡಾಕ್ಟರು ಕ್ವಿನೈನ್ ಮಿಕ್ಸ್ಚರ್ ಬರೆದರು, ಅಣ್ಣನ ಕೈಲಿ ನಮ್ಮಲ್ಲೇ ತರಿಸಿಕೊಂಡರು. ಜ್ವರದಲ್ಲೂ ಡ್ಯೂಟಿಗೆ ಬಂದಿದ್ದಾರೆ. ನಿನ್ನೆ ಹೇಳುತ್ತಿದ್ದರು, "ಔಷ್ಧಿ ಬಲು ಬೇಗ ಖಾಲಿ ಆಗ್ತದೆ ಕಣ್ರೀ. ಇದು ಮೂರ್ನೇ ಸಲ ತುಂಬ್ಸೋದು."

ನಾನು, "ಅಷ್ಟು ಕಹಿ ನಿಮಗೆ ಅಷ್ಟು ರುಚಿಯಾ?" ಎಂದೆ. ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಕಿವಿಯಲ್ಲಿ ಜೀರುಂಡೆ ಕೂಗಿದ ಹಾಗಾಗುತ್ತದೆ ಎಂದರು. ಜ್ವರಕ್ಕೆ ಹಾಗೇ ಎಂದು ನಾನೇ ಸಮಾಧಾನ ಹೇಳಿದೆ. ಔಷಧಿ ಅಂಗಡಿಯ ಸೊಸೆ ತಾನೇ, ಅರ್ಧ ಡಾಕ್ಟರು!

ಇವರು ಕರೆಯುತ್ತಿದ್ದಾರೆ. ಓಡಿದೆ.

ನಿನ್ನ,
ಹದಿನೇಳು (ಮಲ್ಲಿಕಾ)


ಅಜ್ಜಂಪುರ
30–7–1987

ಪ್ರೀತಿಯ ವಿಮಲಾ,

ಇದು ಗೆಳತಿಗೆ ಬರೆಯುವ ಕಾಗದವಲ್ಲ, ವಕೀಲರಿಗೆ.

ಎರಡು ವಾರದಿಂದ ಫೋನೆತ್ತಿದರೆ ಯಾರೋ ಗಂಡಸಿನ ದನಿ. ವಿಚಾರಿಸಿದೆ. ದ್ಯಾವಮ್ಮನಿಗೆ ಕಿವಿ ಹೋಗಿದೆ, ವಿಮಲಾ. ಎರಡೂ ಕಿವಿ. ಕಣ್ಣೂ ನಾಲ್ಕು ದಿನ ಮಂಜಾಗಿ, ಅದು ತಿಳಿಯಾಯಿತಂತೆ. ಕಿವಿ ಮಾತ್ರ ಬರಲಿಲ್ಲ. ಉಗ್ರಪ್ಪ ಶಿವಮೊಗ್ಗದ ಆಸ್ಪತ್ರೆಗೆ ಕರೆದುಕೊಂಡು ಹೋದರೆ, ಕ್ವಿನೈನ್ ಮಿತಿಮೀರಿ ದೇಹ ಸೇರಿದೆ, ಇನ್ನು ಆಸೆ ಕಡಿಮೆ ಎಂದರಂತೆ. ಟೆಲಿಫೋನಿನವರು ಇನ್ನು ಕೆಲಸಕ್ಕೆ ಬರಬೇಡ ಎಂದಿದ್ದಾರೆ. ಖಾಯಂ ಆಗದವರಿಗೆ ಪಿಂಚಣಿ ಎಲ್ಲಿಯದು?

ಇದು ಖಂಡಿತ ಆ ಮುದುಕ ಡಾಕ್ಟರ ಕೆಲಸ. ಅವರನ್ನು ನೀನು ಸುಮ್ಮನೆ ಬಿಡಬಾರದು! ಇಂಥವರಿಗೆ ಕಾನೂನಿನಲ್ಲಿ ಏನಿದೆ? ಎಲ್ಲಿ ದೂರು ಕೊಡಬೇಕು? ನಾನೇ ದ್ಯಾವಮ್ಮನ ಮನೆಗೆ ಹೋಗಿ ಹೇಳುತ್ತೇನೆ. ಉಗ್ರಪ್ಪನಿಗೆ ನಿನ್ನ ವಿಳಾಸವನ್ನೂ ಕೊಟ್ಟಿದ್ದೇನೆ. ಅತ್ತೆ "ಅವ್ರ ಮನೆಗ್ಯಾಕೆ ನೀನು?" ಎಂದರು. ಏಕೆ ಹೋಗಬಾರದು ಎಂದೆ. ಅವರ ಮನೆಯ ನೀರು ನಾವು ಕುಡಿಯುವುದಿಲ್ಲ ಎನ್ನುವ ಉತ್ತರ ಇಬ್ಬರಿಗೂ ಗೊತ್ತಿತ್ತು.

ಬೇಗ ಬರೆ.

ನಿನ್ನ,
ಮಲ್ಲಿಕಾ


ಕಡೂರು
4–8–1987

ಪ್ರಿಯ ಮಲ್ಲಿಕಾ,

ಸೀನಿಯರನ್ನು ಕೇಳಿಯೇ ಬರೆಯುತ್ತಿದ್ದೇನೆ.

ಔಷಧಿಯ ತಪ್ಪಿನಿಂದ ನೊಂದವರಿಗೆ ಬಾಗಿಲುಗಳಿಲ್ಲ ಎಂದಲ್ಲ, ತಟ್ಟುವವರಿಲ್ಲ. ಔಷಧ ನಿಯಂತ್ರಣದ ಇನ್‌ಸ್ಪೆಕ್ಟರಿಗೆ ದೂರು ಕೊಟ್ಟರೆ ಅವರು ಅಂಗಡಿ ತಪಾಸಣೆ ಮಾಡಿ ಲೈಸೆನ್ಸನ್ನು ಅಮಾನತಿನಲ್ಲಿ ಇಡಿಸಬಹುದು. ಅದರಿಂದ ಆಕೆಗೆ ಪರಿಹಾರ ಸಿಗುವುದಿಲ್ಲ, ಮುಂದಿನವರು ಉಳಿಯುತ್ತಾರೆ. ಪೊಲೀಸಿಗೂ ಹೋಗಬಹುದು. ನಿರ್ಲಕ್ಷ್ಯದಿಂದ ಒಂದು ಕಿವಿ ಶಾಶ್ವತವಾಗಿ ಕೇಳದಂತಾದರೂ ದಂಡಸಂಹಿತೆಯ ಲೆಕ್ಕದಲ್ಲಿ ಅದು ತೀವ್ರ ಗಾಯ. ಪರಿಹಾರ ಬೇಕೆಂದರೆ ತರೀಕೆರೆಯ ಕೋರ್ಟಿನಲ್ಲಿ ಸಿವಿಲ್ ದಾವೆ. ಕೋರ್ಟು ಶುಲ್ಕ ಕಟ್ಟಲು ಶಕ್ತಿಯಿಲ್ಲದವರು ನಿರ್ಗತಿಕರೆಂದು ಅರ್ಜಿ ಹಾಕಿ ದಾವೆ ಹೂಡಬಹುದು. ಕಾಲಮಿತಿ ಇದೆ, ಒಂದು ವರ್ಷ ದಾಟಿಸದಿರುವುದು ಕ್ಷೇಮ. ಹೋದ ಡಿಸೆಂಬರಿನಲ್ಲಿ ಬಳಕೆದಾರರಿಗೆಂದೇ ಹೊಸ ಕಾಯಿದೆಯಾಗಿದೆ. ಜಿಲ್ಲೆಗೊಂದು ವೇದಿಕೆ ಬರಬೇಕು. ನಮ್ಮ ಜಿಲ್ಲೆಗೆ ಇನ್ನೂ ಅದರ ಕುರ್ಚಿಯೂ ಬಂದಿಲ್ಲ. ಕಾಯುತ್ತಾ ಕೂರುವುದು ಬೇಡ.

ಎಲ್ಲಕ್ಕೂ ಮೊದಲು ಸಾಕ್ಷ್ಯ. ಡಾಕ್ಟರ ಚೀಟಿ, ಶಿವಮೊಗ್ಗದ ಕಾಗದ, ಮತ್ತು ಸೀಸೆ. ಸೀಸೆಯನ್ನು ತೊಳೆಯಬಾರದು. ಅಂಟಿಸಿದ ಗುರುತಿನ ಚೀಟಿಯನ್ನು ಕೀಳಬಾರದು.

ಒಂದು ಮಾತು. ಡಾಕ್ಟರು ಬರೆದ ಪ್ರಮಾಣ ಸರಿಯಿದ್ದರೆ, ದಾರಿ ನಿಮ್ಮ ಅಂಗಡಿಯ ಬಾಗಿಲಿಗೇ ಬರುತ್ತದೆ. ಯಾರ ಕೈಯಿಂದ ತಪ್ಪಾದರೂ ಲೈಸೆನ್ಸು ಯಾರದೋ ಅವರು ಹೊಣೆ. ತಪ್ಪು ಮಾಡಿದ ಕೈಯೂ ತಪ್ಪಿಸಿಕೊಳ್ಳಲಾರದು. ಇದನ್ನು ತಿಳಿದೇ ಮುಂದಿನ ಹೆಜ್ಜೆ ಇಡು.

ಇತಿ,
ವಿಮಲಾ


ಅಜ್ಜಂಪುರ
12–8–1987

ವಿಮಲಾ,

ಅವರ ಮನೆಗೆ ಹೋಗಿದ್ದೆ. ಸೀಸೆ ನೋಡಿದೆ.

ಒಂದು ಸೀಸೆ ಒಡೆದುಹೋದರೆ, ಸುಮ್ಮನೆ ಕೈಜಾರಿ, ಆಗ ಕಾನೂನು ಏನು ಹೇಳುತ್ತದೆ?

ಮಲ್ಲಿಕಾ


ಕಡೂರು
21–8–1987

ಮಲ್ಲಿಕಾ,

ಸೀಸೆ ಒಡೆದಿಲ್ಲ. ಉಗ್ರಪ್ಪ ಅದನ್ನು ಟವೆಲ್ಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ನಿನ್ನೆ ಕಡೂರಿಗೆ ತಂದರು. ನಮ್ಮ ಆಫೀಸಿನ ಬೀರುವಿನಲ್ಲಿದೆ.

ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ನಾಲ್ಕೇ ಗುರುತು. ಡಾಕ್ಟರ ಚೀಟಿಯಲ್ಲಿ ಎಂಟು ಹೊತ್ತಿಗೆ ಎಂದಿದೆ. ಖಾಲಿ ಗಾಜಿನ ಆಚೆಯಿಂದ ಚೀಟಿಯ ಒಳಮಗ್ಗುಲು ಓದಲು ಬರುತ್ತದೆ. "ಚಿ.ಸೌ. ಮಲ್ಲಿಕಾಂಬ" ಎಂದಿದೆ. ಬಂಗಾರದ ಅಕ್ಷರ. ಅದೇ ಕರೆಯೋಲೆ ನನ್ನ ಮೇಜಿನ ಡ್ರಾಯರಿನಲ್ಲೂ ಇದೆ.

ನಿನ್ನ ಜೂನ್ ಹದಿನಾಲ್ಕರ ಕಾಗದವನ್ನು ತೆಗೆದು ಮತ್ತೆ ಓದಿದೆ. ಅವತ್ತು ಓದಿ ನಾನೂ ನಕ್ಕಿದ್ದೆ. ಅದನ್ನು ಮರೆಯಲಾರೆ.

ದ್ಯಾವಮ್ಮ ಸಹಿ ಹಾಕಿದ ವಕಾಲತ್ತನ್ನು ನಾನು ಉಗ್ರಪ್ಪನ ಕೈಯಿಂದ ತೆಗೆದುಕೊಂಡಿದ್ದೇನೆ. ಕಾಗದ ನನ್ನ ಹತ್ತಿರವಿದ್ದರೆ ಒಂದೋ ಸುಡಬೇಕು, ಇಲ್ಲವೇ ಗೆಳತಿಯ ಗುಟ್ಟನ್ನು ಕೋರ್ಟಿಗೆ ಮಾರಬೇಕು. ಎರಡೂ ನನ್ನಿಂದಾಗದು. ಆದ್ದರಿಂದ ಇದರೊಳಗೆ ಅದನ್ನೇ ಇಟ್ಟು ಕಳಿಸುತ್ತಿದ್ದೇನೆ. ಅದು ನಿನ್ನದು. ಏನು ಮಾಡಬೇಕೋ ನೀನು ಮಾಡು.

ಈ ಕೇಸು ಮುಗಿಯುವವರೆಗೆ ನನಗೆ ಬರೆಯಬೇಡ.

ವಿಮಲಾ


ಅಜ್ಜಂಪುರ
18–9–1987

ದ್ಯಾವಮ್ಮನವರಿಗೆ,

ಆವತ್ತು ನಿಮ್ಮ ಜಗುಲಿಯಲ್ಲಿ ನೀವು, "ನಂಗೆ ಕೇಳ್ಸಲ್ಲ ಕಣ್ರೀ, ಸ್ಲೇಟಲ್ಲಿ ಬರೀರಿ" ಎಂದಿರಿ. ಬಳಪ ಹಿಡಿದು ನಾನು "ಹುಷಾರಾಗಿ" ಎಂದಷ್ಟೇ ಬರೆದು ಎದ್ದು ಬಂದೆ. ಅದಕ್ಕೂ ಮೊದಲು, ನಾನು ಯಾರೆಂದು ನೀವು ಕೇಳಿದಾಗ "ಹದಿನೇಳು" ಎಂದು ಬರೆದದ್ದಕ್ಕೆ ನಿಮ್ಮ ಮುಖ ಅರಳಿತಲ್ಲ, ಅದು ಕಣ್ಣಿಗೆ ಕಟ್ಟಿದ ಹಾಗಿದೆ. ನಿಮ್ಮ ಗೂಡಿನಲ್ಲಿ ಬುದ್ಧನ ಪಟದ ಪಕ್ಕ ಸೀಸೆ ಇತ್ತು. ಬಿಸಿಲು ಅದರೊಳಗೆ ಬಿದ್ದಿತ್ತು. ಗಾಜಿನ ಒಳಗಿಂದ ನನ್ನದೇ ಹೆಸರು ನನ್ನನ್ನು ನೋಡುತ್ತಿತ್ತು.

ಬರೆಯಬೇಕಾದ್ದನ್ನು ಈಗ ಬರೆಯುತ್ತೇನೆ. ಆ ಚೀಟಿ ಮಡಿಸಿದವಳು ನಾನು. ಮೂರು ಮಡಿಕೆ ಮಡಿಸು ಎಂದು ಮಾವ ಹೇಳಿದ್ದರು. ನಾನು ಎರಡು ಮಡಿಸಿದೆ. ಎಂಟು ಹೊತ್ತಿನ ಔಷಧಿಯನ್ನು ನೀವು ನಾಲ್ಕು ಹೊತ್ತಿಗೆ ಕುಡಿದಿರಿ. ಬೇಗ ಖಾಲಿಯಾಗುತ್ತದೆ ಎಂದು ನೀವು ಹೇಳಿದಿರಿ, ಕಿವಿಯಲ್ಲಿ ಜೀರುಂಡೆ ಎಂದೂ ಹೇಳಿದಿರಿ, ನಾನು ನಕ್ಕೆ.

ಇದನ್ನು ಬರೆಯಲು ಇಷ್ಟು ದಿನ ಏಕಾಯಿತು ಎಂದರೆ, ನಲವತ್ತು ಚೀಟಿಗಳಲ್ಲಿ ಡಬ್ಬಿಯಲ್ಲಿ ಉಳಿದದ್ದು ಇಪ್ಪತ್ತೆರಡು. ಹದಿನೆಂಟು ಸೀಸೆಗಳು ಹದಿನೆಂಟು ಮನೆಗಳಲ್ಲಿದ್ದವು. ಮಾವನಿಗೆ ಹೇಳಿದೆ. ಅವರು ತಮ್ಮ ಹೆಬ್ಬೆರಳನ್ನು ನೋಡಿಕೊಂಡರು. "ಕಣ್ಣು ಹೋದ್ರೂ ಹೆಬ್ಬೆಟ್ಟಲ್ಲಿ ಸವರಿ ಎಣಿಸ್ತಿದ್ದೆ ಕಣಮ್ಮ. ಇಂಗ್ಲಿಷ್ ಓದಿದ ಸೊಸೆ ಮಡಿಸಿದ್ದು ಅಂತ ಎಣಿಸ್ಲಿಲ್ಲ" ಎಂದರು. ಮಾರನೆಯ ದಿನದಿಂದ ಇಬ್ಬರೂ ಮನೆ ಮನೆಗೆ ಹೋದೆವು. ಅಮೃತಾಪುರದಲ್ಲಿ ಒಂದು ಸೀಸೆಗೆ ಹರಳೆಣ್ಣೆ ತುಂಬಿದ್ದರು. ಹುಚ್ಚಮ್ಮ ಎನ್ನುವವರ ಮನೆಯಲ್ಲಿ ಚೀಟಿಯನ್ನು ಮಗುವಿನ ಗೊಂಬೆಗೆ ಸೀರೆ ಮಾಡಿದ್ದರು. ಹದಿನೇಳು ಮನೆಯವರು ಚೆನ್ನಾಗಿದ್ದಾರೆ. ಎಲ್ಲ ಕೆಮ್ಮು, ಅಜೀರ್ಣದ ಔಷಧಿ. ಹದಿನೆಂಟನೆಯದು ನಿಮ್ಮದು.

ನನ್ನ ಯಜಮಾನರು, ಬಾಯಿ ಬಿಡಬೇಡ, ಓದು ಬಾರದವರ ಮನೆ, ಗುರುತು ನೋಡದೆ ಕುಡಿದರು ಎಂದರೆ ಮುಗಿಯಿತು ಎನ್ನುತ್ತಾರೆ. ಮಾವ, ಚೀಟಿ ತಾನೇ ಕತ್ತರಿಸಿದ್ದು ಎಂದು ಹೇಳಲು ಸಿದ್ಧರಿದ್ದಾರೆ. ಎರಡೂ ಸುಳ್ಳು. ನಿಜ ಇರುವುದು ಇದರ ಜೊತೆಗಿಟ್ಟಿರುವ ಕಾಗದದಲ್ಲಿ. ಜೂನಿನಲ್ಲಿ ನಾನು ನನ್ನ ಗೆಳತಿಗೆ ಬರೆದದ್ದು. ನಿಮ್ಮ ವಕೀಲರಿಗೆ ಕೊಡಿ. ಅವರು ಅದನ್ನು ನನಗೆ ಹಿಂತಿರುಗಿಸಿದರು; ನಾನು ನಿಮಗೆ ಕೊಟ್ಟಿದ್ದೇನೆ ಎಂದು ಹೇಳಿ.

ಕ್ಷಮಿಸಿ ಎಂದು ಬರೆದು, ಹೊಡೆದುಹಾಕಿ, ಮತ್ತೆ ಬರೆದೆ. ನೀವು ಓದುತ್ತಿರುವುದು ಮೂರನೆಯ ಪ್ರತಿ. ಇದರಲ್ಲಿ ಆ ಮಾತನ್ನು ಬಿಟ್ಟಿದ್ದೇನೆ.

ಮಲ್ಲಿಕಾಂಬ


ಸ್ಟೇಷನ್ ರಸ್ತೆ, ಅಜ್ಜಂಪುರ
2–10–1987

ಮಲ್ಲಿಕಾಂಬ ಅವರಿಗೆ,

ನಿಮ್ಮ ಎರಡು ಕಾಗದ ಓದಿದೆ. ಜೂನಿನದನ್ನು ಜಾಸ್ತಿ ಓದಿದೆ. ಎಷ್ಟು ಸಂತೋಷವಾಗಿದ್ದಿರಿ ನೀವು.

ನಮ್ಮಣ್ಣ ನಿಮ್ಮ ಅಂಗಡಿಗೆ ಬಂದು ಗಾಜು ಒಡೆಯುತ್ತೇನೆ ಎಂದ. ನಾನು, "ಸುಮ್ಕಿರಣ್ಣ, ಒಡ್ದ್ ಸದ್ದು ನಂಗೆ ಕೇಳ್ಸಾಕಿಲ್ಲ, ದಂಡ" ಅಂದೆ. ಅವನು ನಕ್ಕುಬಿಟ್ಟ. ಆಮೇಲೆ ಅತ್ತ.

ಕ್ಷಮಿಸಿದೆ ಎಂದು ನಾನು ಬರೆದರೆ ನಿಮಗೆ ನಿದ್ದೆ ಬರುತ್ತದೆ. ನನಗೆ ಬರುವುದಿಲ್ಲ. ಕಿವುಡಿಗೆ ಎಲ್ಲ ನಿಶ್ಶಬ್ದ ಎಂದು ಜನ ತಿಳಿದಿದ್ದಾರೆ. ಹಾಗಿಲ್ಲ. ಕಿವಿಯೊಳಗೆ ಸದಾ ಒಂದು ಗಂಟೆ ಹೊಡೆಯುತ್ತದೆ. ಯಾರೋ ಕರೆಯುತ್ತಿದ್ದಾರೆ, ನಾನು ಎತ್ತಿಕೊಳ್ಳಬೇಕು, ಬೋರ್ಡಿನಲ್ಲಿ ಎಲ್ಲಿ ಪ್ಲಗ್ ಹಾಕಿದರೂ ನಿಲ್ಲುವುದಿಲ್ಲ. ಒಮ್ಮೊಮ್ಮೆ ಅನ್ನ ಬಸಿಯುತ್ತಾ "ನಂಬರ್ ಪ್ಲೀಸ್" ಎಂದುಬಿಡುತ್ತೇನಂತೆ. ಅತ್ತಿಗೆ ಹೇಳಿದರು.

ದಾವೆ ಹಾಕುತ್ತೇನೆ. ನಿಮ್ಮ ಮಾವನ ಮೇಲೂ, ನಿಮ್ಮ ಮೇಲೂ. ನೀವು ಕೋರ್ಟಿಗೆ ಬರಬೇಕು. ಸ್ಲೇಟಿನಲ್ಲಿ ಬರೆದು ಎದ್ದು ಹೋದ ಹಾಗೆ ಹೋಗಬಾರದು.

ದ್ಯಾವಮ್ಮ


ಅಜ್ಜಂಪುರ
24–11–1988

ವಿಮಲಾ,

ಕೇಸು ಮುಗಿಯುವವರೆಗೆ ಬರೆಯಬೇಡ ಎಂದು ನೀನು ಹೇಳಿದ್ದೆ. ತೀರ್ಪು ಇನ್ನೂ ಬಂದಿಲ್ಲ. ಆದರೂ ನಿನ್ನೆ ತರೀಕೆರೆಯ ಕೋರ್ಟಿನಲ್ಲಿ ನಡೆದದ್ದನ್ನು ನೀನು ನೋಡಿಲ್ಲ. ನಿನ್ನ ಬೆನ್ನು ನಮ್ಮ ಕಡೆಗಿತ್ತು. ಅದಕ್ಕಾಗಿ ಈ ಒಂದು ಕಾಗದ.

ನಮ್ಮ ಮನೆಯ ವಿಷಯ ನಿನಗೆ ಗೊತ್ತಿರುವಷ್ಟೇ. ಲೈಸೆನ್ಸು ಅಮಾನತಿನಲ್ಲಿದ್ದಾಗ ಆರು ತಿಂಗಳು ಅಂಗಡಿ ಮುಚ್ಚಿತ್ತು. "ನಮ್ಮನೆ ಸೂರಿಗೆ ನೀನೇ ಕೊಳ್ಳಿ ಇಟ್ಟೆ" ಎಂದು ಇವರು ಒಮ್ಮೆ ಹೇಳಿದರು. ಆಮೇಲೆ ಬೇಕಾದಷ್ಟೇ ಮಾತು. ಎಡಗೆನ್ನೆಯ ಗುಳಿಯನ್ನು ನಾನು ನೋಡಿ ವರ್ಷವಾಯಿತು. ಮಾವ ಮಾತ್ರ ನಿನ್ನೆ ಬೆಳಗ್ಗೆ ತಾವೇ ಬಸ್ಸಿನಲ್ಲಿ ಪಕ್ಕ ಕೂರಿಸಿಕೊಂಡು, "ಕೇಳಿದ್ದಕ್ಕೆಲ್ಲ ನಿಜ ಹೇಳು, ಎಣಿಸಿ ಹೇಳು" ಎಂದರು.

ನೀನು ಕರಿಕೋಟು ತೊಟ್ಟು ಎದ್ದು, ನನ್ನ ಕಾಗದವನ್ನು ಓದಲು ಶುರುಮಾಡಿದೆ. ಹೋಳಿಗೆ ಬಂತು. ಬಸವರಾಜಪ್ಪ ಮೂರು ಸಲ ಬಂತು. ಹಿಂದೆ ಯಾರೋ ಕಿಸಕ್ಕನೆ ನಕ್ಕರು, ಇವರು ತಲೆ ತಗ್ಗಿಸಿ ಹೊರಗೆ ಹೋದರು. ನಿನ್ನ ದನಿ ಒಂದು ಕಡೆಯೂ ನಡುಗಲಿಲ್ಲ. ಕಾನ್ವೆಂಟಿನಲ್ಲಿ ಸಿಸ್ಟರ್ ಎದುರು ಪದ್ಯ ಒಪ್ಪಿಸುತ್ತಿದ್ದ ಹಾಗೇ ಓದುತ್ತಿದ್ದೆ.

ನಾನು ಗೋಡೆಯ ಪಕ್ಕದ ಬೆಂಚಿನಲ್ಲಿದ್ದೆ. ಅದೇ ಬೆಂಚಿನ ಆ ತುದಿಯಲ್ಲಿ ದ್ಯಾವಮ್ಮ. ಎಲ್ಲರ ಮುಖವನ್ನೂ ಒಂದೊಂದಾಗಿ ನೋಡುತ್ತಿದ್ದರು. ಇಡೀ ಕೋರ್ಟು ನನ್ನ ಕಾಗದವನ್ನು ಕೇಳುತ್ತಿತ್ತು. ಅದು ಯಾರ ಕಿವಿಗೆ ಬೀಳಬೇಕಿತ್ತೋ ಅವರಿಗೆ ಮಾತ್ರ ಬೀಳುತ್ತಿರಲಿಲ್ಲ. ಅವರು ಬೆಂಚಿನ ಮೇಲೆ ಸ್ಲೇಟನ್ನು ನನ್ನ ಕಡೆಗೆ ಸರಿಸಿದರು. ಬಳಪವನ್ನೂ ಕೊಟ್ಟರು. "ಅವ್ರ್ ಓದ್ತಿರೋದು ಬರೀರಿ" ಎಂದರು. ತಮ್ಮ ದನಿ ತಮಗೇ ಕೇಳದವರ ಹಾಗೆ ಗಟ್ಟಿಯಾಗಿ ಹೇಳಿದ್ದರಿಂದ ಜಡ್ಜರು ತಲೆಯೆತ್ತಿ ನೋಡಿದರು. ಮತ್ತೆ ಬರೆಯತೊಡಗಿದರು.

ಓದಿದ್ದೀರಲ್ಲ ಎಂದು ಸನ್ನೆ ಮಾಡಿದೆ. "ಓದಿದೀನಿ. ಈಗ ನೀವ್ ಬರೀರಿ" ಎಂದರು.

ಬರೆದೆ. ನೀನು ಓದುತ್ತಾ ಹೋದೆ, ನಾನು ಬರೆಯುತ್ತಾ ಹೋದೆ. ಸ್ಲೇಟು ತುಂಬಿದಾಗಲೆಲ್ಲ ಅವರು ಸೆರಗಿನಿಂದ ಒರೆಸಿ ಮತ್ತೆ ಕೊಟ್ಟರು. ಗುಲಾಬಿ ಬಣ್ಣ, ಬಂಗಾರದ ಅಕ್ಷರ ಎಂದು ಬರೆದೆ. ನಲವತ್ತು ಚೀಟಿ ಎಂದು ಬರೆದೆ. ಮೂರನೆಯ ಮಡಿಕೆ ಬರಲೇ ಇಲ್ಲ, ಎರಡಕ್ಕೇ ನಿಲ್ಲಿಸಿದೆ ಎಂದು ಬರೆದು ಬಳಪ ಕೆಳಗಿಟ್ಟೆ. ಅವರು ನಿಧಾನವಾಗಿ ಓದಿದರು. ಒರೆಸಿದರು. ಸ್ಲೇಟನ್ನು ಮತ್ತೆ ನನ್ನ ತೊಡೆಯ ಮೇಲಿಟ್ಟು, "ಮುಂದೆ, ಹದಿನೇಳು?" ಎಂದರು.

ಕೊಬ್ಬರಿ ಮಿಠಾಯಿಯ ಸಾಲನ್ನೂ ಬರೆದೆ. ಅದರ ಮುಂದಿನ ಸಾಲು ನಿನಗೆ ಬಾಯಿಗೆ ಬರುತ್ತದೆ. ನೀನು ಅದನ್ನು ಓದುವ ಮೊದಲು ಒಂದು ಗಳಿಗೆ ನಿಂತೆ. ನಿನ್ನೆ ನೀನು ನಿಂತದ್ದು ಅಲ್ಲೊಂದೇ ಕಡೆ. ಆ ಗಳಿಗೆಯಲ್ಲಿ, ನಿನಗಿಂತ ಮೊದಲೇ, ನಾನು ಅದನ್ನು ಸ್ಲೇಟಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ಅವರ ಕಡೆಗೆ ತಿರುಗಿಸಿ ಹಿಡಿದೆ.

ಯಾರು ಕೂತು ಎಣಿಸುತ್ತಾರೆ ಹೇಳು.

ಮಲ್ಲಿಕಾ